ಬೆರಳಿಗೆ ಬಿಟ್ಟ ಜಾಗ

ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಅವಳು ಹಾಲು ತರಲೆಂದು ಮುಂಬಾಗಿಲು ತೆರೆದಳು. ಬಾಗಿಲು ಎಂದಿನಂತೆ ಅರ್ಧಕ್ಕೆ ಬಂದು ಠಕ್ಕೆಂದು ನಿಂತಿತು. ಹಿಂದೆ ಗಂಡನ ಕ್ಯಾಮೆರಾ ಪೆಟ್ಟಿಗೆ ಇತ್ತು.

ಮಣ್ಣಿಗೆ ಬಂದವರೆಲ್ಲ ಆ ಅರ್ಧ ಬಾಗಿಲಲ್ಲೇ ಮೈ ಓರೆ ಮಾಡಿಕೊಂಡು ಒಳಗೆ ಬಂದಿದ್ದರು, ಮೈ ಓರೆ ಮಾಡಿಕೊಂಡೇ ಹೊರಗೆ ಹೋಗಿದ್ದರು. ಪೆಟ್ಟಿಗೆಯನ್ನು ಆಚೆ ಸರಿಸೋಣ ಎಂದು ಯಾರಿಗೂ ತೋಚಿರಲಿಲ್ಲ. ತೋಚಿದ್ದರೂ ಮುಟ್ಟಲು ಕೈ ಬಂದಿರಲಿಲ್ಲ.

"ಅದನ್ನ ಎತ್ತಿಡೇ ಮಗಳೇ," ಎಂದರು ಅತ್ತೆ ಅಡುಗೆಮನೆಯಿಂದ. "ಇನ್ನು ಯಾರು ಅದನ್ನ ಎತ್ಕೊಂಡು ಓಡ್ಬೇಕು?"

ಅಂದವರೇ ಚಹಾಪುಡಿಯ ಡಬ್ಬಿಗೆ ಕೈ ಹಾಕಿದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

ಅವಳು ಹಾಲು ಮರೆತು ಪೆಟ್ಟಿಗೆಯ ಮುಂದೆ ಕುಳಿತಳು. ಕಪ್ಪು ಬಣ್ಣದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ಒಂದು ಮೂಲೆಯಲ್ಲಿ ಉಗುರು ಎಳೆದಂಥ ಬಿಳಿ ಗೀರು. ಅಷ್ಟೇ. ಸ್ಕೂಟರ್ ತಿರುವಿನಲ್ಲಿ ಜಾರಿ ಸವಾರ ಒಂದು ಕಡೆ, ಚಕ್ರ ಒಂದು ಕಡೆ ಬಿದ್ದಾಗ ಈ ಪೆಟ್ಟಿಗೆ ರಸ್ತೆಯ ಬದಿಯಲ್ಲಿ, ಯಾರೋ ಜೋಪಾನವಾಗಿ ಇಟ್ಟು ಹೋದಂತೆ ಕೂತಿತ್ತಂತೆ. ಆಮೇಲೆ ಯಾರೋ ಅದನ್ನು ಮನೆಗೆ ತಂದು ಬಾಗಿಲ ಹಿಂದಿನ ಎಂದಿನ ಜಾಗದಲ್ಲೇ ಇಟ್ಟಿದ್ದರು. ಪೆಟ್ಟಿಗೆ ಹಾಗೆ ಕೂತಿತ್ತೆಂದು ಹೇಳಿದ್ದು ಕೊಕ್ಕರೆ.

ಕೊಕ್ಕರೆ ಎಂಬುದು ಗಂಡ ಇಟ್ಟ ಹೆಸರು. ಅವನ ಹಾಗೆಯೇ ಹಕ್ಕಿಗಳ ಫೋಟೋ ತೆಗೆಯುವವಳು. ಉದ್ದ ಕಾಲಿನವಳು, ಕೆರೆಯ ನೀರಲ್ಲಿ ಮೊಣಕಾಲುದ್ದ ಇಳಿದು ಗಂಟೆಗಟ್ಟಲೆ ಕದಲದೆ ನಿಲ್ಲುವವಳು. ಗಂಡ ತೆಗೆದ ಚಿತ್ರಗಳ ಅಂಚಿನಲ್ಲಿ ಎಲ್ಲೋ ಒಂದು ಕಡೆ ಅವಳ ಬೆನ್ನು ಇದ್ದೇ ಇರುತ್ತಿತ್ತು. ಮದುವೆ, ಮುಂಜಿ, ಅಂಗಡಿಯ ಜಾಹೀರಾತು ಎಂದು ವಾರವೆಲ್ಲ ಹೊಟ್ಟೆಪಾಡಿಗೆ ದುಡಿದು, ರಜೆಯ ದಿನ ನಸುಕಿನಲ್ಲಿ ಅವನು ಕೆರೆಗೆ ಓಡುತ್ತಿದ್ದ. ಕೊನೆಯ ದಿನವೂ ಅಲ್ಲಿಗೇ ಹೊರಟಿದ್ದ. ಅವನ ಫೋನಿನಲ್ಲಿ ಕೊನೆಯ ಕರೆ ಕೊಕ್ಕರೆಗೆ ಹೋಗಿತ್ತು. ಹಾಗಾಗಿ ದಾರಿಹೋಕರು ಮೊದಲು ಫೋನ್ ಮಾಡಿದ್ದು ಅವಳಿಗೆ. ಮೊದಲು ಓಡಿ ಬಂದವಳು ಅವಳು. ಹೆಂಡತಿಗೆ ಸುದ್ದಿ ತಿಳಿಸಿದವಳೂ ಅವಳೇ.

ಜನ ಸತ್ತವನಿಗಾಗಿ ಅಳುತ್ತಿದ್ದಾಗ ಇವಳ ಹೊಟ್ಟೆಯಲ್ಲಿ ಒಂದು ಕೆಂಡ ಬೇರೆಯೇ ಕೂತಿತ್ತು. ಅಳು ಬಂದಿರಲಿಲ್ಲ. ಈ ಕೆಂಡ ಮಾತ್ರ ಆರಿರಲಿಲ್ಲ. ನನ್ನ ಗಂಡನನ್ನು ನನಗಿಂತ ಮೊದಲು ನೋಡಿದವಳು ಅವಳು, ಎಂದು.

ಅವಳು ಪೆಟ್ಟಿಗೆಯ ಚಿಲಕಗಳನ್ನು ಬಿಚ್ಚಿದಳು.

ಒಳಗೆ ಬೂದು ಬಣ್ಣದ ದಪ್ಪ ಫೋಮ್, ಅದರಲ್ಲಿ ಕೊರೆದ ಗೂಡುಗಳು. ಒಂದೊಂದು ಗೂಡೂ ಒಂದೊಂದು ವಸ್ತುವಿನ ಆಕಾರಕ್ಕೆ. ಕ್ಯಾಮೆರಾಕ್ಕೊಂದು, ಚಿಕ್ಕ ಲೆನ್ಸಿಗೊಂದು, ಫ್ಲ್ಯಾಶಿಗೊಂದು. ಅವನ್ನು ಕೊರೆಯುವಾಗ ಗಂಡ ಊಟದ ಮೇಜನ್ನು ದಿನಗಟ್ಟಲೆ ಬಿಟ್ಟುಕೊಟ್ಟಿರಲಿಲ್ಲ. ಗೂಡಿನ ಎರಡೂ ಬದಿಗೆ ಅರ್ಧಚಂದ್ರದ ಹಾಗೆ ಬೆರಳಿಗೆ ಸಂದು ಬಿಡುತ್ತಿದ್ದ. ಸಂದಿಲ್ಲದಿದ್ದರೆ ಒಳಗಿಟ್ಟದ್ದು ಹೊರಗೆ ಬರುವುದಿಲ್ಲ. ಕೊರೆದಾದ ಮೇಲೆ ಕಣ್ಣು ಮುಚ್ಚಿಕೊಂಡು ಕೈ ಹಾಕುತ್ತಿದ್ದ. "ಹಕ್ಕಿ ಕಣ್ಣೆದುರಿಗೆ ಇರುವಾಗ ನಾನು ಪೆಟ್ಟಿಗೆ ಕಡೆ ನೋಡೋಕಾಗುತ್ತೇನೇ? ಕೈಗೆ ಗೊತ್ತಿರಬೇಕು," ಎನ್ನುತ್ತಿದ್ದ.

ಅವಳು ಆ ಸಂದುಗಳಲ್ಲಿ ತನ್ನ ಬೆರಳಿಟ್ಟಳು. ಅವನ ಒಂದು ಬೆರಳಿನ ಜಾಗದಲ್ಲಿ ಅವಳ ಎರಡು ಬೆರಳು ಕೂತವು. ಪ್ರತಿ ಗೂಡಿನಲ್ಲೂ ಹಾಗೆಯೇ. ಅವಳಿಗೆ ಒಂದು ಕ್ಷಣ ಅವನ ಕೈ ಹಿಡಿದಂತಾಯಿತು.

ಆಮೇಲೆ ಉದ್ದನೆಯ ಗೂಡು ಕಂಡಿತು.

ಅದರಲ್ಲಿ ಮಲಗಿದ್ದುದು ಮೊಣಕೈಯಷ್ಟು ಉದ್ದದ ಲೆನ್ಸ್. ಹಸಿರು ಬಟ್ಟೆಯ ಪಟ್ಟಿ ಸುತ್ತಿದ್ದು. ಗಂಡನದಲ್ಲ, ಕೊಕ್ಕರೆಯದು. ಚಳಿಗಾಲದ ಹಕ್ಕಿಗಳು ಬರುವ ಹೊತ್ತಿಗೆ ಎರವಲು ತಂದಿದ್ದ. ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಬಂದಿತ್ತು. ಅದಕ್ಕೆಂದು ಈ ಗೂಡನ್ನು ಯಾವಾಗ ಕೊರೆದನೋ, ಅವಳು ನೋಡಿರಲಿಲ್ಲ. ಎರವಲಿನ ವಸ್ತುವಿಗೆ ಕಾಯಂ ಮನೆ! ಅದೂ ಪೆಟ್ಟಿಗೆಯ ನಟ್ಟನಡುವೆ.

ಅದರ ಪಕ್ಕದ ಸಂದುಗಳ ಮೇಲೆ ಬೆರಳಾಡಿಸಿದಳು. ಇಲ್ಲಿ ಅರ್ಧಚಂದ್ರ ಇರಲಿಲ್ಲ. ಪ್ರತಿ ಬದಿಗೂ ಎರಡೆರಡು ಸಪೂರ ಸಂದು. ಗಂಡನ ಕಿರುಬೆರಳೂ ಅವುಗಳಲ್ಲಿ ಹಿಡಿಸುವಂತಿರಲಿಲ್ಲ.

ಹಾಗಾದರೆ ಇದು ಅವನ ಕೈಗೆ ಕೊರೆದದ್ದಲ್ಲ. ಲೆನ್ಸಿನ ಒಡತಿಯ ಕೈಗೆ.

ಲೆನ್ಸ್ ಮನೆಗೆ ಬಂದ ದಿನ ನೆನಪಾಯಿತು. ಅವನು ಅದನ್ನು ಮೇಜಿನ ಮೇಲಿಟ್ಟು, "ಎಷ್ಟು ಭಾರ ಅಂತ ಎತ್ತಿ ನೋಡು" ಎಂದಿದ್ದ. ಅವಳಿಗೆ ಮೈಯೆಲ್ಲ ಉರಿದಿತ್ತು. ತಾನು ಕೆಲಸ ಮಾಡುವ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆಗಳನ್ನು ಎತ್ತುವ ಹಾಗೆ, ಬರೇ ಬೆರಳ ತುದಿಗಳಲ್ಲಿ ಅದನ್ನು ಎತ್ತಿ, "ಇದೇನು ಮಹಾ" ಎಂದು ಕೆಳಗಿಟ್ಟಿದ್ದಳು. ಅವನು ಅವಳ ಕೈಯನ್ನೇ ತುಂಬಾ ಹೊತ್ತು ನೋಡಿದ್ದ. ಕೊಕ್ಕರೆಯ ವಸ್ತು ಎಲ್ಲಿ ಬಿದ್ದೀತೋ ಎಂದು ಜೀವ ಕೈಯಲ್ಲಿ ಹಿಡಿದಿದ್ದಾನೆ, ಎಂದುಕೊಂಡಿದ್ದಳು ಅವಳು.

"ಇದನ್ನ ವಾಪಸ್ ಕೊಟ್ಟುಬಿಡ್ತೀನಿ ಅತ್ತೆ," ಎಂದಳು.

"ಕೊಡಲೇಬೇಕಲ್ಲ," ಎಂದರು ಅತ್ತೆ ಚಹಾದ ಲೋಟ ಹಿಡಿದು ಬಂದು. "ಪಾಪ, ಆ ಹುಡುಗಿ ಇಷ್ಟು ದಿನ ಒಂದು ಮಾತು ಕೇಳಲಿಲ್ಲ. ಒಡೆದಿದೆಯೋ, ಉಳಿದಿದೆಯೋ, ಊಹೂಂ. ದೊಡ್ಡ ಮನಸ್ಸು."

"ದೊಡ್ಡದೇ."

"ಆ ದಿನ ಅವಳಿಲ್ದೆ ಇದ್ದಿದ್ರೆ ಏನು ಗತಿ ಹೇಳು. ಬಾಗಿಲಲ್ಲೇ ನಿಂತ್ಳು, ಒಳಗೆ ಬಂದು ಕೂರಲೂ ಇಲ್ಲ. ಶಾಲು ಹೊದ್ದು, ಕೈ ಒಳಗೆ ಹಾಕ್ಕೊಂಡು."

ಅವಳು ಚಹಾ ಕುಡಿದಳು. ಕಹಿಯಾಗಿತ್ತು. ಅತ್ತೆ ಸಕ್ಕರೆ ಮರೆತಿದ್ದರು. ಅವಳು ಹಾಗೆಯೇ ಕುಡಿದು ಮುಗಿಸಿದಳು.

"ಟವೆಲಲ್ಲಿ ಬಂತು, ಟವೆಲಲ್ಲೇ ಹೋಗ್ಲಿ," ಎಂದರು ಅತ್ತೆ. "ಇಲ್ಲಾಂದ್ರೆ ಈ ಪೆಟ್ಟಿಗೇಲೇ ಇಟ್ಟು ಕೊಡು."

"ಈ ಪೆಟ್ಟಿಗೆ ಎಲ್ಲಿಗೂ ಹೋಗಲ್ಲ."

"ಸರಿ ಬಿಡು, ಹಾಗ್ಯಾಕೆ ಕಣ್ಣು ಬಿಡ್ತೀಯ? ನಾನೇನು ನಿನ್ನ ಮನೆ ಕೇಳಿದ್ನಾ?"

ಟವೆಲಿನಲ್ಲಿ ಕೊಡುವುದೂ ಸಾಧ್ಯವಿರಲಿಲ್ಲ. ಒಂದು ಗೀರು ಬಿದ್ದರೂ, ಹೆಂಡತಿಗೆ ಅದರ ಬೆಲೆ ಏನು ಗೊತ್ತು ಎಂದು ಕೊಕ್ಕರೆ ಮನಸ್ಸಿನಲ್ಲಾದರೂ ಅಂದುಕೊಳ್ಳುತ್ತಾಳೆ. ಆ ಅವಕಾಶ ಅವಳಿಗೆ ಸಿಗಬಾರದು. ಅವನಿಗಿಂತ ಒಂದು ಕೈ ಹೆಚ್ಚಾಗಿ ಕಾಪಾಡಿ ಕೊಡಬೇಕು. ಕೊಟ್ಟು ಕೈ ತೊಳೆದುಕೊಳ್ಳಬೇಕು.

ಹೀಗೆ ಅವಳು ಪೆಟ್ಟಿಗೆ ಕೊಳ್ಳಲು ಹೊರಟಳು.

ಅಂಗಡಿ ಎರಡು ಔಷಧದ ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿತ್ತು. ಸೂರಿನವರೆಗೆ ಚೀಲಗಳು. ಅಂಗಡಿಯವನು ಏಣಿಯ ಮೇಲೆ ನಿಂತೇ ಮಾತು ಶುರು ಮಾಡಿದ.

"ಬನ್ನಿ ಮೇಡಂ. ಬೆನ್ನಿಗೆ ಹಾಕೋದಾ, ಹೆಗಲಿಗಾ, ಕೈಗಾ?"

"ಬಿದ್ದರೂ ಏನೂ ಆಗಬಾರದು. ಅಂಥದ್ದು."

"ಬಿದ್ದರೆ ಅಂತ ಯಾಕೆ ಮೇಡಂ ಅಂತೀರಾ, ಒಳ್ಳೇ ಮಾತು ಆಡಿ." ಅವನು ಇಳಿದು ಬಂದು ಮೆತ್ತನೆಯ ಚೀಲವೊಂದನ್ನು ಮುಂದಿಟ್ಟ. "ಇದು ನೋಡಿ. ಹಗುರ. ಹತ್ತಾರು ಜೇಬು. ಬೀಗದಕೈ, ಫೋನು, ತಿಂಡಿ, ಎಲ್ಲಾ ಹಿಡಿಸುತ್ತೆ."

ಅವಳು ಚೀಲದ ಬದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಅದು ಒಳಗೆ ತಗ್ಗಿ, ತುಂಬಾ ಹೊತ್ತಿನ ಮೇಲೆ ಎದ್ದಿತು. "ತಿಂಡಿಗೆ ಸರಿ," ಎಂದಳು. "ಗಾಜಿಗೆ ಬೇಡ."

ಎರಡನೆಯದು ಅಲ್ಯೂಮಿನಿಯಂ ತಗಡಿನ ಪೆಟ್ಟಿಗೆ, ಕನ್ನಡಿಯಂತೆ ಹೊಳೆಯುವುದು. "ಇದು ತಗೊಂಡು ಹೋದ್ರೆ ಜನ ತಿರುಗಿ ನೋಡ್ತಾರೆ," ಎಂದ ಅಂಗಡಿಯವನು. ಅವಳು ಮುಚ್ಚಳದ ಕೀಲನ್ನು ಅಲುಗಿಸಿದಳು. ಕೀಲು ಮುದುಕನ ಹಲ್ಲಿನಂತೆ ಆಡಿತು.

ಮೂರನೆಯದು ಕಪ್ಪು, ಗಟ್ಟಿ, ಮುಖದಲ್ಲಿ ಯಾವ ಕಳೆಯೂ ಇಲ್ಲದ್ದು. ಗಂಡನದರ ತಮ್ಮನಂತಿತ್ತು. ಮುಚ್ಚಳದ ಸುತ್ತ ರಬ್ಬರ್ ಪಟ್ಟಿ. ಎರಡು ಚಿಲಕ. ಒಳಗೆ ಇನ್ನೂ ಕೊರೆಯದ ಒಂದೇ ತುಂಡು ಕಪ್ಪು ಫೋಮ್.

"ನೀರು ಒಳಗೆ ಹೋಗಲ್ಲ ತಾನೇ?"

"ಹನಿ ಹೋದರೆ ನನ್ನ ಹೆಸರು ಬದಲಾಯಿಸಿ."

ಅವಳು ಪೆಟ್ಟಿಗೆಯೊಳಗೆ ಒಂದು ಒಣ ಕಾಗದ ಇಟ್ಟು ಮುಚ್ಚಿದಳು. ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳದ ಅಂಚಿನುದ್ದಕ್ಕೂ ಸುರಿದಳು. ನೀರು ಮೇಜಿನಿಂದ ಇಳಿದು ಅಂಗಡಿಯವನ ಚಪ್ಪಲಿಗೆ ಹೋಯಿತು.

"ಅಯ್ಯೋ ಮೇಡಂ! ಗಿರಾಕಿಗಳು ಚೌಕಾಸಿ ಮಾಡ್ತಾರೆ, ಅಭಿಷೇಕ ಮಾಡಲ್ಲ!"

ಅವಳು ಚಿಲಕ ತೆಗೆದು ಕಾಗದವನ್ನು ಬೆಳಕಿಗೆ ಹಿಡಿದಳು. ಒಣಗಿಯೇ ಇತ್ತು.

"ಇದೇ ಕೊಡಿ."

"ನೋಡಿದ್ರಾ?" ಅವನ ಮುಖ ಅರಳಿತು. "ಯಾರಿಗೋ ಉಡುಗೊರೆ ಇರ್ಬೇಕು. ಇಷ್ಟು ಅಳೆದೂ ಸುರಿದೂ ತಮಗೋಸ್ಕರ ಯಾರೂ ತಗೊಳಲ್ಲ."

"ಉಡುಗೊರೆ ಅಲ್ಲ."

"ಮತ್ತೆ, ತುಂಬಾ ಬೇಕಾದವರಾ?"

ಅವಳು ಕಡ್ಡಿ ಮುರಿದಂತೆ, "ಬೇಡದವರು," ಎಂದಳು. ಅಂಗಡಿಯವನು ಮೇಜು ಒರೆಸತೊಡಗಿದ.

ಊಟದ ಮೇಜಿನ ಮೇಲೆ ಅವಳು ಕೆಲಸಕ್ಕೆ ಕೂತಳು. ಗಂಡನ ಬ್ಲೇಡೇ ಇತ್ತು. ಆ ಸಂದುಗಳಿಗೆ ಬೆರಳಿಡಲು ಮನಸ್ಸಾಗದೆ, ಫೋಮಿನ ಅಡಿಯಿಂದ ಒತ್ತಿ ಹಳೆಯ ಗೂಡಿನಿಂದ ಲೆನ್ಸ್ ಹೊರತೆಗೆದು, ಗೂಡಿನ ಆಕಾರವನ್ನು ತೆಳು ಕಾಗದದ ಮೇಲೆ ಇಳಿಸಿಕೊಂಡು, ಕಾಗದವನ್ನು ಹೊಸ ಫೋಮಿನ ಮೇಲೆ ಹಾಸಿ ಕೊರೆದಳು. ಅವನು ಬಿಟ್ಟ ಸಪೂರ ಸಂದುಗಳನ್ನು ಅವನು ಬಿಟ್ಟಲ್ಲೇ, ಬಿಟ್ಟಷ್ಟೇ ಬಿಟ್ಟಳು. ಕೊಕ್ಕರೆಯ ಬೆರಳು, ಕೊಕ್ಕರೆಯ ಜಾಗ. ಹೋಗಲಿ, ಎಲ್ಲ ಅವಳಿಗೇ ಹೋಗಲಿ.

ಅತ್ತೆ ಬೀನ್ಸ್ ಬಿಡಿಸುತ್ತ ಎದುರಿಗೆ ಕೂತಿದ್ದರು. "ಅವನ ಹಾಗೇ ನಾಲಿಗೆ ಕಚ್ಕೊಂಡು ಕೊರೀತಿದ್ದೀಯಲ್ಲೇ," ಎಂದರು.

ಅವಳು ನಾಲಿಗೆ ಒಳಗೆಳೆದುಕೊಂಡಳು.

ಕೊರೆದಾಗ ಹೊಸ ಫೋಮಿನಿಂದ ಲೆನ್ಸಿನ ಆಕಾರದ್ದೇ ಒಂದು ತುಂಡು ಎದ್ದು ಬಂತು. ಬದಿಗೆ ಸಪೂರ ಸಂದುಗಳ ಪುಟ್ಟ ಕಿವಿಗಳೂ ಸೇರಿ. ಅವಳು ಅದನ್ನು ಗಂಡನ ಪೆಟ್ಟಿಗೆಯ ಖಾಲಿ ಗೂಡಿಗೆ ಒತ್ತಿದಳು. ಅಚ್ಚು ಒತ್ತಿದಂತೆ ಕೂತಿತು. ಬೂದು ಫೋಮಿನ ನಡುವೆ ಕಪ್ಪು ತೇಪೆ. ಹೊಲಿಗೆ ಕಾಣುತ್ತಿತ್ತು, ಆದರೆ ಗುಂಡಿ ಮುಚ್ಚಿತ್ತು.

"ಅದ್ಯಾಕೆ ತುಂಬಿಸ್ತಿದ್ದೀಯ?"

"ಖಾಲಿ ಇರಬಾರದು ಅತ್ತೆ."

ಅತ್ತೆ ಬೀನ್ಸಿನ ನಾರನ್ನು ಎಳೆದು ಪಕ್ಕಕ್ಕಿಟ್ಟರು. "ಖಾಲಿ ಅಂದ್ರೆ ಎಲ್ಲೆಲ್ಲಿ ತುಂಬಿಸ್ತೀಯೋ," ಎಂದರು ತಮ್ಮಷ್ಟಕ್ಕೆ.

ಕೊಕ್ಕರೆ ಸೈಕಲ್ ರಿಪೇರಿ ಮಾಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಅಂಗಡಿ ನೋಡಿರಲಿಲ್ಲ. ಇಳಿಜಾರು ಬೀದಿಯ ಕೊನೆಗೆ ಅದು ಸಿಕ್ಕಿತು. ಚಕ್ರಗಳು ಗೋಡೆಯ ತುಂಬ ತೂಗುತ್ತಿದ್ದವು. ನೀರಿನ ತೊಟ್ಟಿಯಲ್ಲಿ ಒಂದು ಟ್ಯೂಬು ಗುಳುಗುಳು ಎಂದು ತನ್ನ ತೂತು ತೋರಿಸುತ್ತಿತ್ತು. ಕೊಕ್ಕರೆ ತಲೆಕೆಳಗಾದ ಸೈಕಲ್ಲೊಂದರ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಹತ್ತಿರದಿಂದ ನೋಡಿದರೆ ಚೆಲುವೆಯೇ. ಅದೂ ಇವಳಿಗೆ ಸಹಿಸಲಾಗಲಿಲ್ಲ.

"ಲ್ಯಾಬಮ್ಮಾವ್ರು!" ಎಂದು ಎದ್ದಳು ಕೊಕ್ಕರೆ. ಎಂದವಳೇ ನಾಲಿಗೆ ಕಚ್ಚಿದಳು. "ಕ್ಷಮಿಸಿ. ಬಾಯಿಗೆ ಬಂದುಬಿಡ್ತು. ಅವನು ಹಾಗೇ ಅಂತಿದ್ದ."

ಅದು ಮನೆಯೊಳಗಿನ ಹೆಸರು. ಜಗಳವಾದಾಗ, ಜಗಳ ಮುಗಿದಾಗ ಕರೆಯುವ ಹೆಸರು. ಬೀದಿಯ ಕೊನೆಯ ಸೈಕಲ್ ಅಂಗಡಿಯವರೆಗೂ ಅದು ನಡೆದುಕೊಂಡು ಬಂದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ನಿಮ್ಮದು," ಎಂದು ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟಳು.

"ಇದು ನನ್ನದಲ್ಲ. ನಂದು ಟವೆಲ್ಲು."

"ಒಳಗಿದೆ. ಒಂದು ಗೀರೂ ಬಿದ್ದಿಲ್ಲ. ನೋಡಿಕೊಳ್ಳಿ."

"ನಾನು ಕೇಳಿದ್ನಾ?"

"ಕೇಳಲಿಲ್ಲ. ಅದಕ್ಕೇ ನೋಡಿಕೊಳ್ಳಿ."

ಕೊಕ್ಕರೆ ಅವಳ ಮುಖವನ್ನೊಮ್ಮೆ ನೋಡಿದಳು. ಚಿಂದಿ ಬಟ್ಟೆಗೆ ಕೈ ಒರೆಸಿಕೊಂಡು ಚಿಲಕ ತೆಗೆದಳು. ಲೆನ್ಸ್ ಕಪ್ಪು ಫೋಮಿನಲ್ಲಿ ಮಗುವಿನಂತೆ ಮಲಗಿತ್ತು. ಅದನ್ನು ಎತ್ತಲು ಕೈ ಹಾಕಿದಳು. ಆಗಲಿಲ್ಲ. ಮತ್ತೆ ಹಾಕಿದಳು. ಬೆರಳು ಸಂದಿನ ಬಾಯಲ್ಲೇ ನಿಂತಿತು.

ಆಗ ಅವಳು ಕೊಕ್ಕರೆಯ ಕೈಗಳನ್ನು ನೋಡಿದಳು. ಉಳಿದ ಮೈಯೆಲ್ಲ ಹಕ್ಕಿಯದಾದರೆ ಕೈ ಮಾತ್ರ ಕಮ್ಮಾರನದು. ಅಗಲ ಅಂಗೈ, ಗಂಟು ಗಂಟಾದ ದಪ್ಪ ಬೆರಳು, ಉಗುರಿನ ಸುತ್ತ ಗ್ರೀಸಿನ ಕಪ್ಪು. ಗಂಡನ ಕೈಗಿಂತ ದಪ್ಪ.

"ಯಾರ ಬೆರಳಿಗೆ ಮಾಡಿದ್ದೀರಿ ಇದನ್ನ?" ಕೊಕ್ಕರೆ ನಕ್ಕಳು. "ಮಗುಚಿ ಹಾಕೋಣ್ವಾ? ಅಚ್ಚಿನಿಂದ ಕೇಕ್ ತೆಗೆಯೋ ಹಾಗೆ?"

"ಬೇಡ! ಮಗುಚಬೇಡಿ." ಅವಳು ಪೆಟ್ಟಿಗೆಗೆ ಕೈ ಅಡ್ಡ ಹಿಡಿದಳು. "ನಾನು ಮಾಡಿದ ಅಳತೆ ಅಲ್ಲ. ಅವನ ಪೆಟ್ಟಿಗೆಯಲ್ಲಿ ಹೀಗೇ ಕೊರೆದಿದ್ದ. ಹಾಗೇ ಇಳಿಸಿದೆ. ನಿಮ್ಮ ಬೆರಳಿಗೆ ಅಂತಲೇ ಅಲ್ವಾ ಅವನು ಇಷ್ಟು ಸಪೂರ ಮಾಡಿದ್ದು?"

"ನನ್ನ ಬೆರಳಿಗಾ?" ಕೊಕ್ಕರೆ ಎರಡೂ ಕೈಯನ್ನು ಅವಳ ಮುಂದೆ ಚಾಚಿದಳು. "ಇವನ್ನ ನೋಡಿ ಅವನು ನಟ್ಟು ತಿರುಗಿಸೋ ಪಾನಾ ಅಂತಿದ್ದ. ಹದಿನಾರರ ಪಾನಾ ಕೊಡು, ಹದಿನೆಂಟರದು ಕೊಡು, ಅಂತ." ನಗು ಅರ್ಧಕ್ಕೆ ನಿಂತಿತು. "ನಿಮಗೆ ಹೇಳಿರಲಿಲ್ವಾ ಅವನು?"

"ಏನನ್ನ?"

"ಈ ಸಲ ಹಕ್ಕಿ ಬಂದಾಗ ನಿಮ್ಮನ್ನ ಕೆರೆಗೆ ಕರ್ಕೊಂಡು ಬರ್ತೀನಿ ಅಂತಿದ್ದ. ಕೆಸರಲ್ಲಿ ಹೊಟ್ಟೆ ಮೇಲೆ ಮಲಗಿದ್ರೆ ಎದ್ದು ಲೆನ್ಸ್ ಬದಲಾಯಿಸೋಕಾಗಲ್ಲ ನೋಡಿ, ಪಕ್ಕದಲ್ಲಿ ಯಾರಾದ್ರೂ ಪೆಟ್ಟಿಗೆಯಿಂದ ತೆಗೆದು ಕೊಡಬೇಕು. ನಾನು ಕೊಡ್ತೀನಿ ಕಣೋ ಅಂದ್ರೆ, ನೀನು ಬೀಳಿಸ್ತೀಯ ಅಂತ ನನಗೇ ಬೈದ. ನನ್ನ ಲೆನ್ಸು, ನಾನೇ ಬೀಳಿಸ್ತೀನಂತೆ! ಲ್ಯಾಬಮ್ಮಾವ್ರು ಬೆರಳ ತುದೀಲಿ ಎತ್ತುತ್ತಾರೆ, ಸದ್ದೇ ಆಗಲ್ಲ, ಹಕ್ಕಿ ಹಾರಲ್ಲ, ಅಂದ."

ತೊಟ್ಟಿಯಲ್ಲಿ ಟ್ಯೂಬು ಗುಳುಗುಳು ಎನ್ನುತ್ತಲೇ ಇತ್ತು.

"ನನಗೆ ಹೇಳಲಿಲ್ಲ," ಎಂದಳು ಅವಳು.

"ಹೇಳ್ತೀನಿ, ಹೊತ್ತು ನೋಡಿ ಹೇಳ್ತೀನಿ ಅಂತಿದ್ದ. ಕೆರೆ ಅಂದ್ರೆ ನಿಮ್ಮ ಮುಖ ಗಂಟಾಗುತ್ತಂತೆ. ಹೆದರ್ತಿದ್ದ ನಿಮಗೆ."

"ನನಗೆ ಹೇಳಬೇಕಾದ್ದು ಅದು. ನಿಮಗೆ ಹೇಳಿದ."

"ಹೌದು," ಎಂದಳು ಕೊಕ್ಕರೆ.

ಅವಳು ಕೆಂಡ ಆರಿತೇ ಎಂದು ಒಳಗೆ ಹುಡುಕಿದಳು. ಆರಿರಲಿಲ್ಲ, ಜಾಗ ಬದಲಿಸಿತ್ತು ಅಷ್ಟೇ. ಆ ಮಾತನ್ನು ಅವನ ಬಾಯಿಂದ ಕೇಳಿದವಳು ಕೊಕ್ಕರೆ. ಯಾವ ದನಿಯಲ್ಲಿ ಹೇಳಿದ, ಹೇಳುವಾಗ ನಕ್ಕನೋ ಇಲ್ಲವೋ, ಅದೆಲ್ಲ ಈ ಗ್ರೀಸು ಮೆತ್ತಿದ ಹೆಂಗಸಿನ ಬಳಿ ಇದೆ. ಅದನ್ನು ಎರವಲು ಕೇಳುವುದಕ್ಕೂ ಬರುವುದಿಲ್ಲ.

ಆದರೂ ಕೇಳಿದಳು. "ಆ ದಿನ... ನೀವು ಹೋದಾಗ ಏನಾದ್ರೂ ಅಂದನಾ?"

"ಇಲ್ಲ. ನಾನು ಹೋಗೋ ಹೊತ್ತಿಗೆ ಮುಗಿದಿತ್ತು." ಕೊಕ್ಕರೆ ಕೈಯನ್ನು ಚಿಂದಿಯಲ್ಲಿ ಮತ್ತೆ ಮತ್ತೆ ಒರೆಸಿದಳು. "ನಿಮ್ಮ ಮನೆ ಒಳಗೆ ಬರೋಕೆ ಆಗಲಿಲ್ಲ ನನಗೆ. ಕೈ ತುಂಬ ಅವನದೇ... ಎಷ್ಟು ತೊಳೆದರೂ ಹೋದ ಹಾಗೆ ಅನಿಸ್ತಿರಲಿಲ್ಲ. ಶಾಲಿನೊಳಗೆ ಇಟ್ಕೊಂಡೆ."

ಅವಳು ತಲೆಯಾಡಿಸಿದಳು. ಮನೆಯಲ್ಲಿ, ಬೂದು ಫೋಮಿನ ನಟ್ಟನಡುವೆ ತಾನೇ ಒತ್ತಿ ಮುಚ್ಚಿದ ಕಪ್ಪು ತೇಪೆ ಕಣ್ಣೆದುರಿಗೆ ಬಂತು. ಹೋದೊಡನೆ ಅದನ್ನು ಕೀಳಬೇಕು.

"ಈಗ ಇದನ್ನ ತೆಗೆಯೋದು ಹೇಗೆ?" ಎಂದಳು ಕೊಕ್ಕರೆ, ಲೆನ್ಸಿನ ಕಡೆ ನೋಡಿ. "ನಿಮ್ಮ ಪೆಟ್ಟಿಗೆ ಇದನ್ನ ನನಗೆ ಬಿಟ್ಟುಕೊಡೋ ಹಾಗೇ ಕಾಣ್ತಿಲ್ಲ."

"ಸ್ವಲ್ಪ ಆಚೆ ಸರಿಯಿರಿ."

ಅವಳು ಬೆಂಚಿನ ಹತ್ತಿರ ಬಂದಳು. ಎರಡೂ ಕೈಯ ಬೆರಳುಗಳನ್ನು ಸಂದುಗಳಲ್ಲಿ ಇಳಿಸಿದಳು. ಅವು ಒಂದೂ ಹೆಚ್ಚಿಲ್ಲದೆ, ಒಂದೂ ಕಡಿಮೆಯಿಲ್ಲದೆ ಬುಡದವರೆಗೆ ಇಳಿದವು. ಅವಳು ಒಂದು ಗಳಿಗೆ ಹಾಗೆಯೇ ಇಟ್ಟುಕೊಂಡಿದ್ದಳು. ಆಮೇಲೆ ಸದ್ದಾಗದಂತೆ ಲೆನ್ಸನ್ನು ಎತ್ತಿ ಕೊಕ್ಕರೆಯ ಅಗಲ ಅಂಗೈಗಳ ಮೇಲಿಟ್ಟಳು.

"ಹಿಡ್ಕೊಂಡ್ರಾ?" ಎಂದಳು.

"ಹ್ಞೂಂ, ಹಿಡ್ಕೊಂಡೆ."

ಆಗ ಬಿಟ್ಟಳು.